ಒಸಿ

ಗೇಣುದ್ದದ ಕೊಳವೆ. ಒಂದು ತುದಿಯ ಕದ
ರೆಪ್ಪೆ ಬಡಿಯುವ ಮೊದಲೇ ತೆರೆದು ಮುಚ್ಚುತ್ತದೆ.
ಬೆನ್ನಿಗೆ ವಿದ್ಯುತ್ತಿನ ತಳ್ಳು,
ಮುಖಕ್ಕೆ ನೈಟ್ರೋಜನ್ನಿನ ಎದುರುಗಾಳಿ.
ಓಡಬೇಕಾದ ಅಯಾನುಗಳು ಎರಡು ಬಗೆ:
ಒಂದೇ ತೂಕ, ಅವೇ ಪರಮಾಣುಗಳ ಲೆಕ್ಕ,
ಒಂದು ಕೊಂಬೆ ಮಾತ್ರ ಬೇರೆ ಕಡೆ ಚಿಗುರಿದೆ.
ಹದಿನಾಲ್ಕನೇ ಮಿಲಿಸೆಕೆಂಡಿಗೆ ಎರಡೂ ಕೂಡಿ ಬಂದು
ಪರದೆಯ ಮೇಲೆ ಒಂದೇ ಗುಡ್ಡ ಎಬ್ಬಿಸುತ್ತವೆ.

ಆಷಾಢದಿಂದ ದೀಪಾವಳಿವರೆಗೆ ಅದೇ ಗುಡ್ಡ.
ಕಾವು ಏರಿಸಿದೆ, ಇಳಿಸಿದೆ, ವೋಲ್ಟೇಜು ತಿರುವಿದೆ,
ಸಿಲಿಂಡರಿನವನ ಮೇಲೆ ಅನುಮಾನಪಟ್ಟು ಜಗಳವಾಡಿದೆ.
ಗಂಗೋತ್ರಿಯ ಕ್ಯಾಂಟೀನಿನಲ್ಲಿ ಶಾಹೀನ್
ಟೀಗೆ ಬಿಸ್ಕತ್ತು ಅದ್ದುತ್ತಾ ಅಂದಳು:
"ಅಲ್ಲಿರೋದು ಒಂದೇ ಕಣೇ. ಎರಡನೇದು ನಿನ್ನ ಹಟ."

ಶನಿವಾರದ ಪ್ಯಾಸೆಂಜರ್ ಹತ್ತಿ ಯಲಿಯೂರಿಗಿಳಿದೆ.
ಸೋದರಮಾವನ ಆಲೆಮನೆ.
ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಮಬ್ಬಾಗಿ ಕುದಿಯುತ್ತಿತ್ತು.
ನಿಂಗಾಜಮ್ಮ ಜಜ್ಜಿ ನೆನೆಸಿದ ಬೆಂಡೆಗಿಡದ ಲೋಳೆಯನ್ನು
ಅಂಗೈಯಿಂದ ಜಾರಬಿಟ್ಟಳು, ಬಸಿಯಿತೋ ಇಲ್ಲವೋ ಅನ್ನುವಷ್ಟು.
ಕೊಳೆಯೆಲ್ಲ ಗಂಟುಗಟ್ಟಿ ಮೇಲೆದ್ದಿತು.
ಜಾಲರಿ ಸೌಟಿನಲ್ಲಿ ಬಾಚಿ ಎಸೆದು ಕೇಳಿದಳು:
"ಮೈಸೂರ್ನಾಗೆ ಏನವ್ವಾ ಕೆಲ್ಸ?"
ಹೇಳಿದೆ. ಓಟ, ಎದುರುಗಾಳಿ, ಜೊತೆ ಬಿಡದ ಎರಡು.
"ಬರೀ ಗಾಳೀಲೇ ಓಡುಸ್ತೀಯಾ?
ಒಸಿ ಏನಾರಾ ಬಿಡಾಕಿಲ್ವಾ?"

ಆಗಲೇ ನನಗೆ ಹೊಳೆಯಿತೆಂದು ಬರೆದರೆ ಚೆಂದ, ಆದರೆ ಸುಳ್ಳು.
ಹೊಗೆಗೆ ಕಣ್ಣುಜ್ಜಿಕೊಂಡು, ಬಿಸಿ ಬೆಲ್ಲಕ್ಕೆ ನಾಲಗೆ ಸುಟ್ಟುಕೊಂಡು
ರಾತ್ರಿ ರೈಲಿಗೆ ವಾಪಸು ಬಂದೆ.
ಬ್ಯುಟನಾಲಿನ ಬಗ್ಗೆ ಯಾರೋ ಬರೆದ ಪ್ರಬಂಧ
ಮೂರು ತಿಂಗಳಿಂದ ನನ್ನ ಮೇಜಿನ ಮೇಲೇ,
ಟೀ ಲೋಟದ ಅಡಿಯಲ್ಲಿ ಇತ್ತು.

ಬುಧವಾರ ಎದುರುಗಾಳಿಗೆ ಅದರ ಆವಿ ಸೇರಿಸಿದೆ,
ಹತ್ತು ಲಕ್ಷಕ್ಕೆ ಎಂಟು ಪಾಲು. ಮೂಗಿಗೂ ಹತ್ತದಷ್ಟು.
ಗುಡ್ಡದ ನೆತ್ತಿ ಕುಸಿಯಿತು. ನಡುವೆ ಒಂದು ಬೈತಲೆ.
ಒಂದು ಬಗೆಯದು ಹೆಚ್ಚುಕಮ್ಮಿ ಹಳೇ ಹೊತ್ತಿಗೇ ಬಂತು:
ತನ್ನ ಧನ ಆವೇಶವನ್ನು ತನ್ನದೇ ಇನ್ನೊಂದು ಕೈಯಲ್ಲಿ ಮುಚ್ಚಿ
ಮಡಿಲಿಗೆ ಕಟ್ಟಿಕೊಂಡದ್ದು, ಆವಿ ಕರೆದರೂ ತಿರುಗದು.
ಇನ್ನೊಂದರ ಕೈ ಹೊರಗೆ ಚಾಚಿದೆ.
ದಾರಿಯಲ್ಲಿ ಸಿಕ್ಕ ಅಣು ಹಿಡಿಯುತ್ತದೆ, ಬಿಡುತ್ತದೆ,
ಅಷ್ಟರಲ್ಲಿ ಮತ್ತೊಂದು ಹಿಡಿಯುತ್ತದೆ.
ಸಂತೆಯಿಂದ ಎಲ್ಲರನ್ನೂ ಮಾತಾಡಿಸಿಕೊಂಡು ಬರುವವಳ ಹಾಗೆ
ಮೈ ತುಂಬಾ ಸುದ್ದಿ ಹೊತ್ತು, ಗಾಳಿಗೆ ಸಿಕ್ಕಿ,
ಮುಕ್ಕಾಲು ಮಿಲಿಸೆಕೆಂಡು ತಡವಾಗಿ ಮನೆ ಸೇರುತ್ತದೆ.

ಶಾಹೀನಳನ್ನು ಎಳೆದು ತಂದು ತೋರಿಸಿದೆ.
"ಸರಿ," ಅಂದಳು, "ಎರಡು. ಟೀ ನಿಂದು."

ಆಸೆ ಹತ್ತಿತು. ಎಂಟನ್ನು ನಲವತ್ತು ಮಾಡಿದೆ.
ಮಡಿಲು ಮುಚ್ಚಿದ್ದೂ ಸಡಿಲಿತು,
ಎರಡಕ್ಕೂ ಮೈ ಬಂತು, ಎರಡೂ ಕುಂಟಿದವು.
ಮತ್ತೆ ಒಂದೇ ಗುಡ್ಡ, ಈ ಸಲ ಅಗಲ, ಮಂಕು.

ಮುಂದಿನ ಶನಿವಾರ ಹೇಳಿದಾಗ ನಿಂಗಾಜಮ್ಮ ನಗಲೂ ಇಲ್ಲ:
"ಲೋಳೆ ಜಾಸ್ತಿ ಆದ್ರೆ ಬೆಲ್ಲ ಅಚ್ಚು ಕಟ್ಟಾಕಿಲ್ಲ ಕನವ್ವಾ."
ಹಾಗಾದರೆ ಎಷ್ಟು ಹಾಕ್ತೀರಿ, ಕೊಪ್ಪರಿಗೆಗೆ ಎಷ್ಟು?
ಪುಸ್ತಕ ತೆಗೆದು ಪೆನ್ನು ಬಿಚ್ಚಿ ಕೂತೆ.
"ಒಸಿ."
ಒಸಿ ಅಂದರೆ?
ಅಂಗೈ ತೋರಿಸಿದಳು. ಒಣಗಿದ ಲೋಳೆ
ಗೆರೆಗೆರೆಯಲ್ಲಿ ಬಿರಿದು ಕೂತಿತ್ತು, ಅಳತೆಯ ಪಟ್ಟಿಯ ಹಾಗೆ.
ಈ ಹೊತ್ತಿಗೆ ಬೆಲ್ಲ ಅಚ್ಚಿನ ಮಣೆಗೆ ಸುರಿಯತೊಡಗಿದರು.
ಆ ಗದ್ದಲದಲ್ಲಿ ಅವಳು ಇನ್ನೂ ಏನೋ ಹೇಳಿದಳು,
ನನಗೆ ಕೇಳಿಸಲಿಲ್ಲ.