ನಲವತ್ತೊಂದು ಸೆಕೆಂಡು

ಮಂಗಳ ಗ್ರಹಕ್ಕೆ ನಾವು ಹೋದದ್ದು ಭಾನುವಾರ,
ಕಲ್ಲು ಕೊಯ್ಯುವ ಮಿಶನಿಗೆ ರಜೆಯಿದ್ದ ದಿನ,
ಉಪ್ಪಳದಿಂದ ಬಾಯಾರಿನ ಬಸ್ಸು ಹತ್ತಿ,
ಇವತ್ತು ಕನ್ಸೆಶನ್ ಕಾರ್ಡು ನಡೆಯುವುದಿಲ್ಲ ಎಂದ ಕಂಡಕ್ಟರನಿಗೆ
ಪೂರ್ತಿ ದುಡ್ಡು ಎಣಿಸಿಕೊಟ್ಟು.

ಮಣ್ಣಿಗೆ ಬಣ್ಣ ಹಾಕುವ ಖರ್ಚಿರಲಿಲ್ಲ.
ಮುರಕಲ್ಲಿನ ಕೋರೆ ಮೆಟ್ಟಿಲು ಮೆಟ್ಟಿಲಾಗಿ ಇಳಿದು
ಆಗಲೇ ಬೇರೆ ಗ್ರಹವಾಗಿತ್ತು.
ಒಂದು ಜರಿಗಿಡ ಮಾತ್ರ ಫ್ರೇಮಿನ ಮೂಲೆಯಲ್ಲಿ
ಹಸಿರಾಗಿ ಹಠ ಹಿಡಿದಿತ್ತು. ಕಿತ್ತೆವು.
ಮುಂದಿನ ಭಾನುವಾರ ಅಲ್ಲೇ ಇತ್ತು.

ಗಗನಯಾತ್ರಿ ಲವೀನಾ.
ತಲೆಗೆ ಬುಡ ಕತ್ತರಿಸಿದ ಇಪ್ಪತ್ತು ಲೀಟರಿನ ನೀರಿನ ಕ್ಯಾನು,
ಮೈಗೆ ಎರಡು ಕಾರುಗಳ ಬಿಸಿಲು ಪರದೆ ಬಿಚ್ಚಿ
ಅವಳ ಮೌಶಿ ಹೊಲಿದ ಬೆಳ್ಳಿ ಅಂಗಿ,
ಬೆನ್ನಿನಿಂದ ಬಾಯಿಗೆ ವಾಶಿಂಗ್ ಮಿಶನಿನ ಪೈಪು.
ಸವಾದ್ ಬರೆದ ಮಾತು ಪಾಠಪುಸ್ತಕದ್ದು:
"ಈ ನೆಲದ ಮೇಲೆ ಮಾನವಕುಲದ ಮೊದಲ..."
ಅಷ್ಟರಲ್ಲಿ ಅಂಗಿಯೊಳಗೆ ಫೋನು ಕಿಣಿ ಎಂದಿತು:
ಕರ್ನಾಟಕಕ್ಕೆ ಸ್ವಾಗತ.
ಗುಡ್ಡದಾಚೆಯ ಟವರು.
ನಗು ನಿಲ್ಲಲು ಹದಿನೈದು ನಿಮಿಷ,
ಕ್ಯಾನಿನ ಒಳಗಿನ ಮಂಜು ಒರೆಸಲು ಇನ್ನೈದು.

ನನ್ನ ಕೆಲಸ ಶಬ್ದ.
ಮಾವು ಕೊಯ್ಯುವ ದೋಟಿಯ ತುದಿಯಲ್ಲಿ
ಅಣ್ಣನ ಕಾಲುಚೀಲ ತೊಟ್ಟ ಮೈಕು.

ನೌಕೆಯ ಒಳಭಾಗ ಎಲ್ಲಿಯೂ ಸಿಗದೆ
ದೂಮಣ್ಣನ ಸುರಂಗ ಕೇಳಿದೆವು.
ಗುಡ್ಡದ ಹೊಟ್ಟೆಗೆ ಅರವತ್ತೆರಡು ಕೋಲು,
ಒಬ್ಬನೇ, ಒಂದು ಗುದ್ದಲಿಯಲ್ಲಿ, ನಾವು ಹುಟ್ಟುವ ಮೊದಲು.
ಈಗ ಸುತ್ತ ಬೋರ್‌ವೆಲ್‌ಗಳು; ಸುರಂಗದಲ್ಲಿ
ಕೂಡಿಟ್ಟು ಕೂಡಿಟ್ಟು ಬೀಳುವ ಒಂದೊಂದೇ ಹನಿ.
"ಬೆನ್ನು ಬಗ್ಗುತ್ತದಾ?" ಎಂದಷ್ಟೇ ಕೇಳಿದರು,
ಒಂದು ಮೊಂಬತ್ತಿ ಹಚ್ಚಿದರು:
"ಇದು ಮುಂದೆ ಹೋಗಲಿ. ನೀವು ಇದರ ಹಿಂದೆ."

ನಮ್ಮ ಬಳಿ ಆಮ್ಲಜನಕದ ಮೀಟರಿತ್ತು,
ಕೆಟ್ಟ ಬಿ.ಪಿ. ಮಿಶನಿಗೆ ಅನಘ ಬಣ್ಣ ಬಳಿದದ್ದು.
"ಮಂಗಳದಲ್ಲಿ ಮೊಂಬತ್ತಿ ಉರಿಯುವುದಿಲ್ಲ ದೂಮಣ್ಣ,
ಗಾಳಿಯೇ ಇಲ್ಲ" ಎಂದ ಸವಾದ್, ವಿಜ್ಞಾನದ ಪರವಾಗಿ.
"ಹಾಗಾದರೆ ಅಲ್ಲಿಗೆ ಹೋಗುವುದು ಎಂತಕ್ಕೆ?"

ಮೂವತ್ತು ಕೋಲು, ಮೂವತ್ತೈದು.
ಬಾವಲಿಯ ವಾಸನೆ, ಕುತ್ತಿಗೆಗೆ ಒರಸುವ ಜೇಡಿ.
ಸಂಭಾಷಣೆ ಶುರುವಾಗಬೇಕು ಎನ್ನುವಾಗ
ಜ್ವಾಲೆ ಕುಗ್ಗಿತು, ನೀಲಿಯಾಯಿತು,
ಆರಿತು.
ಊದಿದ ಹಾಗಲ್ಲ,
ಹೇಳಹೊರಟದ್ದು ಮರೆತುಹೋದ ಹಾಗೆ.

ಆಮೇಲಿನದು ನನಗೆ ಕಣ್ಣಿನಿಂದ ಗೊತ್ತಿಲ್ಲ.
ರೆಕಾರ್ಡಿಂಗ್ ನಿಲ್ಲಿಸಲು ಮರೆತಿದ್ದೆ, ಅದರಿಂದ ಗೊತ್ತು.
"ಸಾಯ್ಬಾ" ಎನ್ನುತ್ತಾಳೆ ಕ್ಯಾನಿನೊಳಗಿಂದ ಲವೀನಾ.
"ಅಮ್ಮೇ" ಅನಘ.
ಉಮ್ಮಾನನ್ನು ಕರೆದದ್ದು ತಾನಲ್ಲ ಎಂದು ಸವಾದ್ ಇವತ್ತಿಗೂ ವಾದಿಸುತ್ತಾನೆ.
ಪೈಪು ಕಲ್ಲಿಗೆ ಉಜ್ಜುವ ಸದ್ದು, ಗೋಡೆಗೆ ಬಡಿವ ಮೊಣಕೈ,
ಅದರ ನಡುವೆ ಯಾರಿಗೂ ಕಾಯದ ಒಂದು ಹನಿ.
ದೂರದ ಬೆಳಕಿನ ಬಾಯಿಂದ ದೂಮಣ್ಣ,
ಅವಸರವಿಲ್ಲದೆ, ದನ ಕರೆದ ಹಾಗೆ:
"ಪಿದಾಯಿ ಬಲೆ. ಪಿದಾಯಿ ಬಲೆ."

ಸಿನಿಮಾ ಹನ್ನೊಂದು ನಿಮಿಷ.
ಅದರಲ್ಲಿ ನಲವತ್ತೊಂದು ಸೆಕೆಂಡು ಬರೀ ಕಪ್ಪು.
ಸ್ಪರ್ಧೆಯ ಅರ್ಜಿಯಲ್ಲಿ ಭಾಷೆಗೆ ಇದ್ದದ್ದು ಒಂದೇ ಖಾನೆ.
ಖಾಲಿ ಬಿಟ್ಟೆವು; ಕೆಂಪಾಗಿ ತಿರುಗಿ ಬಂತು.
ಕನ್ನಡ ಎಂದು ಒತ್ತಿದೆವು.
ಪಟ್ಟಿಯಲ್ಲಿ ತುಳು ಹೇಗೂ ಇರಲಿಲ್ಲ.

ಬಹುಮಾನ ಬರಲಿಲ್ಲ. ಪೈವಳಿಕೆಯ ವಾಚನಾಲಯದಲ್ಲಿ
ಬೆಡ್‌ಶೀಟು ಕಟ್ಟಿ ತೋರಿಸಿದೆವು, ಇಪ್ಪತ್ತಾರು ಜನಕ್ಕೆ.
ಪರದೆ ಕಪ್ಪಾದಾಗ ಕರೆಂಟು ಹೋಯಿತೆಂದು
ಯಾರೋ ಸ್ವಿಚ್ಚು ಹುಡುಕಿದರು.
ಎರಡನೇ ಸಾಲಿನಲ್ಲಿ ದೂಮಣ್ಣ ಎದ್ದು ನಿಂತಿದ್ದರು,
ತನ್ನದೇ ದನಿ ಕೇಳಿ ಮುಗಿಯುವವರೆಗೂ.

ಆಮೇಲೆ ಚಾ ಕುಡಿಯುತ್ತ ಕೇಳಿದರು,
ಆ ಹುಡುಗಿಗೆ ಎಷ್ಟು ಕೋಲಿಗೆ ನೀರು ಸಿಕ್ಕಿತು?
ಕತೆಯಲ್ಲಿ ನೀರನ್ನು ನಾವು ಬರೆದೇ ಇರಲಿಲ್ಲ.
"ಗುಡ್ಡದ ತಲೆಯಲ್ಲಿ ಅತ್ತಿಮರ ಉಂಟಾ ಅಲ್ಲಿ?
ಹುತ್ತ?"
ಸವಾದ್ ನನ್ನ ಮುಖ ನೋಡಿದ.
"ಒಂದು ಜರಿಗಿಡ ಇತ್ತು" ಎಂದೆ.
"ಕಿತ್ತಿರಾ?"