ಎಲೆಕ್ಷನ್ ಮಾವ ತಾರದ ಹುಳ

ಓಟಿನ ದಿನ ಹುಟ್ಟಿದ್ದಕ್ಕೆ ಎಲೆಕ್ಷನ್ ಅಂತ ಹೆಸರು.
ಈ ಸಲ ಬೋಟ್ಸ್ವಾನಾಕ್ಕೆ ಹೋಗಿ
ಮುನ್ನೂರು ಬಾಟಲಿ ತಲೆಎಣ್ಣೆ ಮಾರಿ
ಶಿವಮೊಗ್ಗದ ಬಸ್ಸಿಳಿದು
ಸದಾಶಿವಪುರದ ಅಂಗಳದಲ್ಲಿ ಬೂಟು ಬಿಚ್ಚಿದ.
ಹೊಲಿಗೆ ಸಂದಿಯಿಂದ ಕೆಂಪು ಮರಳು ಉದುರಿತು.

ಅವ್ವ ಕೇಳಿದ್ದು ದುಡ್ಡು.
ಹುಡುಗರು ಕೇಳಿದ್ದು ಸಿಂಹ.
ಅವನು ಹೇಳಿದ್ದು ಒಂದು ಹುಳ.

"ಹೆಬ್ಬೆರಳಿನಷ್ಟುದ್ದ ಮಾರಾಯ್ತಿ, ಸುಟ್ಟ ಹೆಂಚಿನ ಬಣ್ಣ.
ರೂಮಿನ ಹಿಂದೆ ಬಲ್ಬಿನ ಕೆಳಗೆ
ಪಾತ್ರೆ ತೊಳೀತಿದ್ದೆ,
ಹಗಲೆಲ್ಲ ಎಲ್ಲಿತ್ತೋ,
ಮಳೆ ನಿಂತ ಮೂರನೇ ರಾತ್ರಿ
ಸಾಲ ವಸೂಲಿಗೆ ಬಂದವನ ಹಾಗೆ ಓಡಿ ಬಂತು.
ನಿಂತಿತು. ಮತ್ತೆ ಓಟ.
ಬಾಯಲ್ಲಿ ಎರಡು ಕುಡುಗೋಲು,
ಎಡದ್ದು ಒಂದು ನಮೂನೆ, ಬಲದ್ದು ಇನ್ನೊಂದು,
ಯಾವನೋ ಕಮ್ಮಾರ ಕುಡಿದು ಬಡಿದ ಹಾಗೆ.
ಮಿಡತೆಯೊಂದನ್ನು ಹಿಡಿದು ಅಗಿಯಿತು ನೋಡು,
ಶಬ್ದ ಕೇಳಿತು ನನಗೆ."

ಮಾವನ ಅಪ್ಪ ಕೌಜುಗನ ಕೂಗು ಹಾಕಿದರೆ
ಪೊದೆಯೇ ಎದ್ದು ನಡೆದು ಬರುತ್ತಿತ್ತಂತೆ.
ಅವನ ಬಲೆ ಈಗಲೂ ಮಾಡಿನ ಶೀಟಿನ ಕೆಳಗಿದೆ.
ಫಾರೆಸ್ಟಿನವರು ಬಂದಾಗಲೆಲ್ಲ
ಅದು ಸೊಳ್ಳೆಪರದೆ.

ಆ ಕೈ ಸುಮ್ಮನಿದ್ದೀತೆ?
ಅಂಗಿ ಬಿಚ್ಚಿ ಬೀಸಿದ. ಹಿಡಿದ.
ಹಿಡಿದು, ಬಿಟ್ಟು, ಕಾದ:
ಈಗ ಹಾರುತ್ತೆ, ಈಗ.
ತುಂಗೆಯ ಮರಳಿನ ಪುಟ್ಟ ಹುಲಿಹುಳ
ನಾವು ಹೆಜ್ಜೆಯಿಟ್ಟಾಗಲೆಲ್ಲ
ಎದ್ದು ಹಾರಿ ಮಾರು ದೂರ ಕೂರುತ್ತದಲ್ಲ, ಹಾಗೆ.
ಹಾರುವ ಮುಂಚೆ ಬೆನ್ನಿನಲ್ಲೊಂದು ನಡುಕ ಬರುತ್ತದೆ,
ಅದನ್ನು ನಮಗೆ ಯಾರೂ ಕಲಿಸಬೇಕಾಗಿಲ್ಲ.

ಬರಲಿಲ್ಲ.
ಕಡ್ಡಿಯಿಂದ ಹೊರಳಿಸಿದ.
ರೆಕ್ಕೆಚಿಪ್ಪು ಎರಡೂ ನಡುವೆ ಬೆಸೆದು
ಒಂದೇ ಡಬ್ಬಿ,
ತೆರೆಯಲು ಬಾಗಿಲೇ ಇಲ್ಲ.

"ಖಾಲಿ ಬಾಟಲಿಯಲ್ಲಿ ಹಾಕಿ ತರಬೇಕಿತ್ತು"
ಅಂದೆ ನಾನು, ಲೇಬಲ್ ಅಂಟಿಸುತ್ತಾ.
"ಏರ್‌ಪೋರ್ಟಿನಲ್ಲಿ ಹೆಸರು ಕೇಳ್ತಾರೆ.
ನನ್ನದು ಹೇಳಿದರೇ ನಗ್ತಾರೆ."

ಹೆಸರು.
ವಾಗ್ರಿಯಲ್ಲಿ ಹುಡುಕಿದೆವು, ಅಜ್ಜಿಯನ್ನೂ ಎಬ್ಬಿಸಿ ಕೇಳಿದೆವು.
"ಹಾರದ್ದಕ್ಕೆ ಬಲೆ ಯಾಕೆ ಬೀಸಿದೆ?" ಅಂದು
ಮಗ್ಗುಲು ಬದಲಿಸಿದಳು.

ರಾತ್ರಿ ಕರೆಂಟು ಹೋಯಿತು.
ಮಾವ ಟಾರ್ಚನ್ನು ನೆಲಕ್ಕಿಟ್ಟು
ಐದು ಬೆರಳೂರಿ
ಅಂಗಳದ ತುಂಬ ಹುಳವನ್ನು ಓಡಿಸಿದ.
ನಿಂತಿತು. ಮತ್ತೆ ಓಟ.
ಹುಡುಗರು ಕಿರುಚಿ ಕಟ್ಟೆ ಹತ್ತಿದರು.
ಕಾವಿಗೆ ಕೂತಿದ್ದ ಹೇಂಟೆ ಮಾತ್ರ
ಬುಟ್ಟಿಯಿಂದಿಳಿದು ಬಂದು
ತಲೆ ಓರೆ ಮಾಡಿ ನೋಡಿ
ಕುಟುಕಿತು.

ಮಾವ ಕೈ ಎಳೆದುಕೊಳ್ಳಲಿಲ್ಲ.