ಕುಳಿ ಮುಚ್ಚುವವನ ಲೆಕ್ಕ

ಸುವಾದಲ್ಲಿ ಬೆಳಕಿಗಿಂತ ಮೊದಲು ಮಳೆ ಏಳುತ್ತದೆ,
ಮಳೆಗಿಂತ ಮೊದಲು ಮೆರೆಸೇನಿ.
ನಾನು ಮೂರನೆಯವನು,
ಕೈಯಲ್ಲಿ ಗುದ್ದಲಿ, ಒಂದು ಬಕೆಟ್ ಕೆಂಪು ಮಣ್ಣು.

ಅವಳು ಎಸೆಯುತ್ತಾಳೆ, ನಾನು ಮುಚ್ಚುತ್ತೇನೆ.
ತಂತಿಯ ತುದಿಯಲ್ಲಿ ನಾಲ್ಕು ಕಿಲೋ ಕಬ್ಬಿಣದ ಗುಂಡು,
ಒಂದು ಸುತ್ತು, ಎರಡು, ಮೂರು, ನಾಲ್ಕನೆಯದಕ್ಕೆ ಕೂಗು.
ಆ ಕೂಗಿಗೆ ಗ್ರಂಥಾಲಯದ ಸೂರಿನ ಮೈನಾಗಳು ಹಾರುತ್ತವೆ,
ಆಮೇಲೆ ಹುಲ್ಲಿನಲ್ಲಿ ಧಪ್.
ಹತ್ತೊಂಬತ್ತು ವರ್ಷ ಈ ಮೈದಾನ ನೋಡಿಕೊಂಡಿದ್ದೇನೆ,
ನನ್ನ ಹುಲ್ಲನ್ನು ಇಷ್ಟು ಗೌರವದಿಂದ ಹಾಳು ಮಾಡಿದವರು
ಬೇರೆ ಯಾರೂ ಇಲ್ಲ:
ಪ್ರತಿ ಕುಳಿಗೂ ಒಂದು "ವಿನಾಕಾ, ಬಿಸುನ್ ಕಾಕಾ".

ಎಂಟಕ್ಕೆ ಅವಳು ರಸಾಯನಶಾಸ್ತ್ರದ ಪ್ರಯೋಗಾಲಯದಲ್ಲಿ.
ಅತ್ತ ಬೇಲಿ ಕತ್ತರಿಸುವಾಗ ಕಿಟಕಿಯಿಂದ ಕಂಡಿದ್ದೇನೆ:
ಉದ್ದನೆಯ ಗಾಜಿನ ಕೊಳವೆ, ಕೆಳಗೆ ಸೀಸೆ,
ಹನಿ. ಹನಿ. ಹನಿ.
ಗುಂಡು ಬಿಟ್ಟ ಕೈ ಇನ್ನೂ ನಡುಗುತ್ತಿರುತ್ತದೆ,
ಒಂದು ಹನಿ ಹೆಚ್ಚಾಯಿತೋ, ತಿಳಿಗುಲಾಬಿ ಆಗಬೇಕಾದ್ದು
ದಾಸವಾಳವಾಗಿ ಕೂರುತ್ತದೆ.
ತನ್ನ ಭಾಷೆಯಲ್ಲಿ ಏನೋ ಅನ್ನುತ್ತಾಳೆ.
ನನಗೆ ಅರ್ಥವಾಗುತ್ತದೆ. ಬರೆಯುವಂಥದ್ದಲ್ಲ.
ಸೀಸೆ ತೊಳೆದು, ಮತ್ತೆ ಮೊದಲಿನಿಂದ.

ಸಂಜೆ ವಿದ್ಯಾರ್ಥಿ ಸಂಘ. ಅವಳೇ ಅಧ್ಯಕ್ಷೆ.
ಕಂಡಾವು ದ್ವೀಪದಿಂದ ರಾತ್ರಿಯಿಡೀ
ದೋಣಿಯಲ್ಲಿ ವಾಂತಿ ಮಾಡಿಕೊಂಡು ಬಂದ ಹುಡುಗಿ
ಈಗ ಅಡುಗೆಮನೆ ಎಷ್ಟು ಗಂಟೆಗೆ ಮುಚ್ಚಬೇಕು,
ಬಸ್ಸಿನ ಚೀಟಿ, ಸೋರುವ ನಲ್ಲಿ,
ಹೋದ ವರ್ಷದ ಖಜಾಂಚಿ ತೋರಿಸದ ರಸೀದಿ,
ಎಲ್ಲಕ್ಕೂ ಉತ್ತರ ಹೇಳಬೇಕು.
ಎರಡು ದೋಣಿಯಲ್ಲಿ ಕಾಲಿಡಬೇಡ ಅಂತಾರೆ.
ಇವಳಿಗೆ ಮೂರು ದೋಣಿ.
ಕಾಲು, ನಾನು ನೋಡಿದಂತೆ, ಎರಡೇ.

ಒಮ್ಮೆ ಕೇಳಿದೆ: ಹೇಗೆ ತೂಗಿಸ್ತೀಯ ಇದನ್ನೆಲ್ಲ?
ಬೇಯಿಸಿದ ಮರಗೆಣಸು, ಡಬ್ಬಿ ಮೀನು ತಿನ್ನುತ್ತಿದ್ದಳು,
ಮೊಣಕಾಲ ಮೇಲೆ ಪುಸ್ತಕ.
"ತೂಗಿಸೋದಿಲ್ಲ ಕಾಕಾ. ತಕ್ಕಡಿ ನಿಂತಿರುತ್ತೆ,
ನಾನು ಸುತ್ತುತ್ತಿರ್ತೀನಿ.
ಗುಂಡು ಆ ಕಡೆ ಎಳೆದರೆ ಈ ಕಡೆ ವಾಲ್ತೀನಿ.
ನಿಂತರೆ ಬೀಳ್ತೀನಿ, ಅಷ್ಟೆ."
ಆಮೇಲೆ ಪುಸ್ತಕದ ಮೇಲೇ ನಿದ್ದೆ ಹೋದಳು.
ಮೀನಿನ ಡಬ್ಬಿಗೆ ಇರುವೆ ಬಂದವು. ನಾನು ಎಬ್ಬಿಸಲಿಲ್ಲ.
ಎರಡಕ್ಕೆ ಅವಳಿಗೆ ಪರೀಕ್ಷೆ ಇತ್ತೆಂದು ನನಗೇನು ಗೊತ್ತು?
ಮೂರು ದಿನ ನನ್ನೊಡನೆ ಮಾತಾಡಲಿಲ್ಲ.

ಜುಲೈನಲ್ಲಿ ಆ ಪ್ರಶ್ನೆ ಬಂತು:
ಹೊಸ ಹಾಸ್ಟೆಲಿಗೆ ಜಾಗ ಎಲ್ಲಿ?
ಹೊರದ್ವೀಪಗಳ ಮೊದಲ ವರ್ಷದ ಹುಡುಗಿಯರು
ನೆಂಟರ ಮನೆಯ ಚಾಪೆಗಳಲ್ಲಿ,
ನಾಲ್ವರ ಕೋಣೆಯಲ್ಲಿ ಒಂಬತ್ತು ಜನ.
ನಕ್ಷೆಯಲ್ಲಿ ಖಾಲಿ ಕಂಡದ್ದು ಒಂದೇ ತುಂಡು,
ನಮ್ಮದು.
ನಿಮ್ಮ ಸಂಘವೇ ಹೇಳಲಿ, ಅಂದರು ಮೇಲಿನವರು.
ಏಳು ಕೈ ಬೇಕು ಅಂದವು, ಏಳು ಬೇಡ.
ಫ್ಯಾನು ಸರಿಮಾಡುವ ನೆಪದಲ್ಲಿ ನಾನು ಏಣಿಯ ಮೇಲಿದ್ದೆ.
ಫ್ಯಾನು ಕೆಟ್ಟಿರಲಿಲ್ಲ.
ಅವಳು ತನ್ನ ಅಂಗೈ ನೋಡಿಕೊಂಡಳು,
ತಂತಿಯ ಹಿಡಿ ಕಚ್ಚಿ ಕಚ್ಚಿ ಜಡ್ಡುಗಟ್ಟಿದ ಬೆರಳ ಬುಡ,
ಆಮೇಲೆ ಆ ಕೈಯನ್ನೇ ಎತ್ತಿದಳು.
ಬೇಕು.
ಯಾರೂ ಚಪ್ಪಾಳೆ ತಟ್ಟಲಿಲ್ಲ. ಮುಂದಿನ ವಿಷಯ: ನಲ್ಲಿ.

ನಾಳೆ ಗೂಟ ಹೊಡೆಯುವವರು ಬರುತ್ತಾರೆ.
ಇವತ್ತೂ ಮಳೆಗಿಂತ ಮೊದಲು ಬಂದಿದ್ದಳು.
ಹನ್ನೊಂದು ಎಸೆತ. ಅಂಥ ದೂರವೇನಲ್ಲ.
ಕೊನೆಯದು ಬಲೆಗೆ ತಗುಲಿ ಅಲ್ಲೇ ಜೋತುಬಿತ್ತು,
ನಕ್ಕಳು, ಗಡಿಯಾರ ನೋಡಿದಳು, ಓಡಿದಳು.
ಎಂಟಕ್ಕೆ ಹನಿ.
ಮುಂದಿನ ವಾರದಿಂದ ಎರಡು ಬಸ್ಸು ಬದಲಿಸಿ
ನಸೀನುವಿನ ಯಾವುದೋ ಶಾಲೆಯ ಮೈದಾನಕ್ಕಂತೆ;
ಅಲ್ಲಿ ಮುಚ್ಚುವವರು ಯಾರೋ.

ಹತ್ತು ಕುಳಿ. ಒಂಬತ್ತನ್ನು ಮುಚ್ಚಿದೆ,
ಕಾಲಿಂದ ಒತ್ತಿದೆ. ನಾಳೆಗೆ ಬೇಕಿಲ್ಲ, ಆದರೂ ಅಭ್ಯಾಸ.
ಹತ್ತನೆಯದರಲ್ಲಿ ಆಗಲೇ ಮಳೆನೀರು ನಿಂತಿತ್ತು.
ಅದರ ಪಕ್ಕ ಬಕೆಟ್ ಮಗುಚಿ, ಕೂತು,
ಚಹಾ ಕುಡಿದೆ.